ಹುಚ್ಚರಂಗಯ್ಯ ಸುಮ್ಮನೆ ಕೂತ ದಿನ

ಕೆಲಸ ಹೋದ ಮೇಲೆ ಹುಚ್ಚರಂಗಯ್ಯನಿಗೆ ಮೈತುಂಬ ಕೆಲಸ.

ನಗಬೇಡಿ, ನಿಜ. ತಿಪಟೂರಿನ ಎಣ್ಣೆ ಮಿಲ್ಲಿನಲ್ಲಿ ಕೊಬ್ಬರಿ ಸುರಿಯುವ ಕೆಲಸದಲ್ಲಿದ್ದಾಗ ಅವನಷ್ಟು ಸುಖಪುರುಷ ಬಿಳಿಗೆರೆ ಸುತ್ತಿನಲ್ಲೇ ಇರಲಿಲ್ಲ. ಮಿಲ್ಲಿನ ಸೈರನ್ನು ಕೂಗಿತೋ, ಕೈಯಲ್ಲಿದ್ದ ಮಂಕರಿ ಅಲ್ಲೇ ಬಿಟ್ಟು ಗೋಣಿಚೀಲದ ಮೇಲೆ ಕಾಲು ಚಾಚಿ ಬೀಡಿ ಹಚ್ಚುತ್ತಿದ್ದ. ಸೈರನ್ನು ಕೂಗಿದ ಮೇಲೆ ಸಾಹುಕಾರನೇ ಬಂದು ನಿಂತರೂ ಎಬ್ಬಿಸುವ ಹಾಗಿಲ್ಲ. ಅಂಥ ಮಿಲ್ಲಿನ ಹಳೇ ಇಂಜಿನ್ನು ಒಂದು ದಿನ ಕೈಕೊಟ್ಟಿತು. ಹೊಸದು ಬರುವವರೆಗೂ ಮಿಲ್ಲು ಮುಚ್ಚಿರುತ್ತದೆ, ಅಲ್ಲಿಯವರೆಗೆ ಆಳುಗಳಿಗೆ ಸರ್ಕಾರದಿಂದ ತಿಂಗಳು ತಿಂಗಳು ನಿರುದ್ಯೋಗ ಭತ್ಯೆ ಕೊಡುವುದು ಅಂತ ತೀರ್ಮಾನವಾಯಿತು. ಷರತ್ತು ಒಂದೇ. ಭತ್ಯೆ ತಗೊಳ್ಳುವವನು ಬೇರೆ ಎಲ್ಲೂ ಕೂಲಿಗೆ ದುಡಿಯಬಾರದು. ದುಡಿದದ್ದು ಗೊತ್ತಾದರೆ ಭತ್ಯೆಯೂ ಹೋಯಿತು, ಮಿಲ್ಲು ತೆರೆದಾಗ ಸಿಗಬೇಕಾದ ಕೆಲಸವೂ ಹೋಯಿತು.

ಹುಚ್ಚರಂಗಯ್ಯ ಷರತ್ತು ಮುರಿಯುವ ಆಸಾಮಿಯಲ್ಲ. ಒಂದು ದಿನವೂ ಕೂಲಿಗೆ ಹೋಗಲಿಲ್ಲ. ಆದರೆ ಅವನಿದ್ದ ಪಾಳ್ಯದವರು ಬಿಡಬೇಕಲ್ಲ! "ಹೆಂಗೂ ಸುಮ್ನೆ ಕುಂತಿದ್ದೀಯಲ್ಲ, ಒಸಿ ಬಾ" ಅಂತ ಒಬ್ಬರು ಸೋಗೆ ಹೆಣೆಯಲು ಕರೆದರು. "ಹೆಂಗೂ ಸುಮ್ನೆ ಕುಂತಿದ್ದೀಯಲ್ಲ" ಅಂತ ಇನ್ನೊಬ್ಬರು ತಪ್ಪಿಸಿಕೊಂಡ ಎಮ್ಮೆ ಹುಡುಕಲು ಅಟ್ಟಿದರು. ಮದುವೆ ಮನೆಗೆ ಚಪ್ಪರ ಹಾಕಲು ಹುಚ್ಚರಂಗಯ್ಯ, ಸತ್ತವರ ಮನೆಗೆ ಸೌದೆ ಒಡೆಯಲು ಹುಚ್ಚರಂಗಯ್ಯ. ಪಾಪ, ದಾಕ್ಷಿಣ್ಯದ ಪ್ರಾಣಿ. 'ಆಗಲ್ಲ' ಅನ್ನುವ ಮಾತು ಅವನ ನಾಲಿಗೆಗೆ ಹೊರಳುತ್ತಲೇ ಇರಲಿಲ್ಲ. ಯಾರೂ ಬಿಡಿಗಾಸು ಕೊಡುತ್ತಿರಲಿಲ್ಲ. ಕೊಟ್ಟರೆ ಒಂದು ಲೋಟ ಕಾಫಿ, ಇಲ್ಲದಿದ್ದರೆ ಒಂದು ಒಳ್ಳೆ ಮಾತು. ರಾತ್ರಿ ಮಲಗಿದರೆ ಕನಸಿನಲ್ಲಿ ಸೈರನ್ನು ಕೂಗುತ್ತಿತ್ತು. ಎದ್ದು ನೋಡಿದರೆ ಎದುರು ಮನೆ ಭೈರಮ್ಮಜ್ಜಿಯ ಹುಂಜ.

ಹೀಗಿರುವಾಗ ಆ ಬೆಳಿಗ್ಗೆ ತೋಟದ ಕೆಂಚಪ್ಪ ಬೀದಿಯಲ್ಲೇ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದ. ಪಾಳ್ಯದಲ್ಲಿ ಎಲ್ಲರಿಗಿಂತ ದೊಡ್ಡ ತೋಟ ಅವನದು, ಗಂಟಲೂ ಅಷ್ಟೇ ದೊಡ್ಡದು.

"ಲೇ ರಂಗಯ್ಯಾ! ಇವತ್ತು ನಿನ್ ಭತ್ಯೆ ತಪಾಸಣೆಗೆ ಸಾಹೇಬ್ರು ಬತ್ತಾವ್ರಂತೆ ಕಣ್ಲಾ. ನೆನ್ನೆ ಮಂಡೀಲಿ ಮಾತಾಡ್ಕಂತಿದ್ರು. ಸಂಪಿಗೆ ಊರಿನೋನೊಬ್ಬ ಭತ್ಯೇನೂ ತಗಂಡು ಹೋಟ್ಲೂ ಮಡೀಕಂಡು ಸಿಕ್ಕಾಕ್ಕಂಡ್ನಂತೆ. ಈಗ ಎಲ್ಲಾರ್ ಮನೇಗೂ ನುಗ್ತಾವ್ರೆ. ಉಗಾದಿ ಆದ್ಮೇಲೆ ಮಿಲ್ ಶುರುವಂತೆ. ಇವತ್ತು ಪಾಸಾದೋರಿಗೆ ಮಾತ್ರ ಕೆಲ್ಸ!"

ಹುಚ್ಚರಂಗಯ್ಯನ ಎದೆ ಎರಡು ಸಲ ಹೊಡೆದುಕೊಂಡಿತು. ಮೊದಲ ಸಲ ಹೆದರಿಕೆಗೆ, ಎರಡನೇ ಸಲ ಖುಷಿಗೆ. ಉಗಾದಿ ಆದ ಮೇಲೆ ಸೈರನ್ನು! ಗೋಣಿಚೀಲ! ಬೀಡಿ!

ಅವನ ಹೆಂಡತಿ ಚಿಕ್ಕಗೌರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಂದಳು. ಗಂಡನಿಗಿಂತ ಚುರುಕು ಹೆಂಗಸು. ಗುದ್ದಲಿ, ಕುಡುಗೋಲು, ಮರ ಹತ್ತುವ ಹಗ್ಗ, ಕೊನೆಗೆ ಸೋಗೆಯ ಕಡ್ಡಿ ಸೀಳುವ ಚೂರಿಯನ್ನೂ ಒಯ್ದು ಹುಲ್ಲಿನ ಬಣವೆಯೊಳಗೆ ತುರುಕಿದಳು. "ನೋಡ್ರಿ, ಇವತ್ತು ನಿಮ್ಗೆ ಒಂದೇ ಕೆಲ್ಸ. ಜಗುಲಿ ಮ್ಯಾಲೆ ಸುಮ್ನೆ ಕುಂತ್ಕಳದು. ಸಾಹೇಬ್ರು ಬಂದ್ರೆ ಕೈ ಕಟ್ಕಂಡು ಸಪ್ಪಗೆ ಕುಂತಿರ್ಬೇಕು. ಯಾರ್ ಕರೆದ್ರೂ ಏಳ್ಕೂಡ್ದು. ಗೊತ್ತಾಯ್ತಾ?"

"ಅಷ್ಟೇ ತಾನೆ? ಅದೇನ್ ಮಹಾ" ಅಂದ ಹುಚ್ಚರಂಗಯ್ಯ. ಕೂತ.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಕಣ್ಣೆದುರಿಗೆ ಬೇಲಿ ಬಗ್ಗಿತ್ತು, ಅಂಗಳದಲ್ಲಿ ತೆಂಗಿನ ಮಟ್ಟೆ ಬಿದ್ದಿತ್ತು. ಚಿಕ್ಕಗೌರಮ್ಮ ಒಂದು ಸಲ ಒಳಗೆ ಹೋಗಿ ಬರುವಷ್ಟರಲ್ಲಿ ಅವನ ಕೈ ತಾನಾಗಿಯೇ ಮಟ್ಟೆ ಎಳೆದುಕೊಂಡು ನಾರು ಬಿಡಿಸಿ ಅರ್ಧ ಮೊಳ ಹಗ್ಗ ಹೊಸೆದಿತ್ತು. ಅವಳು ಬಂದವಳೇ ಕಸಿದುಕೊಂಡು ಬೀದಿಗೆಸೆದಳು. "ನಿಮ್ ಕೈಗೇನ್ ಗಾಳಿ ಮೆಟ್ಕಂಡೈತಾ?" ಅಂದು, ಹೊಟ್ಟೆ ತುಂಬಿದರೆ ಇವನಿಗೆ ಇನ್ನಷ್ಟು ಹುರುಪು ಬರುತ್ತದೆಂದು ಲೆಕ್ಕ ಹಾಕಿ, ಬೆಳಗಿನ ರೊಟ್ಟಿಯನ್ನೂ ತಡೆಹಿಡಿದಳು. "ಹೊಟ್ಟೆ ಒಳೀಕ್ ಹೋಗಿದ್ರೇನೇ ಕೆಲ್ಸ ಇಲ್ದೋನಂಗೆ ಕಾಣದು. ಸಾಹೇಬ್ರು ಹೋದ್ಮೇಲೆ ತಿನ್ನೀರಂತೆ."

ಸ್ವಲ್ಪ ಹೊತ್ತಿಗೆ ಭೈರಮ್ಮಜ್ಜಿ ಬಂದಳು. ಒಂಟಿ ಮುದುಕಿ.

"ರಂಗಯ್ಯಾ, ಬಿಂದಿಗೆ ಬಾವಿಗೆ ಬಿತ್ತು ಕಣಪ್ಪ. ಹಗ್ಗ ಕಿತ್ತೋಯ್ತು. ಪಾತಾಳಗರಡಿ ತಗಂಡು ಬಾ, ಹೆಂಗೂ ಸುಮ್ನೆ ಕುಂತಿದ್ದೀಯಲ್ಲ."

ಪಾತಾಳಗರಡಿ ಅಂದರೆ ಕೊಕ್ಕೆಗಳ ಗೊಂಚಲು. ತೆಳ್ಳನೆ ಹುರಿಗೆ ಕಟ್ಟಿ ಬಾವಿಗೆ ಇಳಿಬಿಟ್ಟು, ತಳದಲ್ಲಿ ತಡಕಾಡಿ ಬಿದ್ದ ಪಾತ್ರೆ ಎತ್ತುವುದು. ಪಾಳ್ಯದಲ್ಲಿ ಅದನ್ನು ಹದವಾಗಿ ಆಡಿಸುವ ಕೈ ಹುಚ್ಚರಂಗಯ್ಯನದು ಮಾತ್ರ.

"ಇವತ್ತೊಂದಿನ ಬುಡು ಅಜ್ಜಿ" ಅಂದ. ಅಷ್ಟು ಹೇಳುವುದರಲ್ಲೇ ಬೆವೆತುಹೋದ. "ಇವತ್ತು ನಂಗೆ ಸುಮ್ನೆ ಕೂರೋ ಕೆಲ್ಸ ಐತೆ."

"ಅದೂ ಒಂದ್ ಕೆಲ್ಸವಾ! ಸಾಯಂಕಾಲ ಒತ್ತು ಶಾವಿಗೆ, ಕಾಯಾಲು ಮಾಡಿ ತಂದ್ಕೊಡ್ತೀನಿ ಬಾರಪ್ಪ."

ಹಸಿದ ಹೊಟ್ಟೆಗೆ ಶಾವಿಗೆಯ ಹೆಸರು ಕೇಳಿ ಹುಚ್ಚರಂಗಯ್ಯ ಒಮ್ಮೆ ಉಗುಳು ನುಂಗಿದ. ಆದರೂ ಜಗುಲಿಯ ಕಂಬ ತಬ್ಬಿಕೊಂಡು ಕೂತ. ಅಷ್ಟರಲ್ಲಿ ಒಳಗಿನಿಂದ ಚಿಕ್ಕಗೌರಮ್ಮ ಖಾಲಿ ಕೊಡ ಹಿಡಿದು ಬಂದಳು. ಬಾವಿಗೆ ಇದ್ದದ್ದು ಅದೊಂದೇ ಹಗ್ಗ, ಅದರ ಮುಕ್ಕಾಲು ಪಾಲು ಬಿಂದಿಗೆಯ ಜತೆ ತಳ ಸೇರಿತ್ತು. ಮನೆಯಲ್ಲಿ ಒಂದು ತೊಟ್ಟು ನೀರಿಲ್ಲ. ಅವಳು ಬೀದಿಯ ಆ ಕಡೆ ಈ ಕಡೆ ನೋಡಿದಳು. "ಹಾಳಾಗ್ಲಿ, ಓಡೋಗಿ ಓಡ್ಬನ್ನಿ" ಅಂದಳು.

ಹುಚ್ಚರಂಗಯ್ಯ ಬಾವಿಯ ಮೇಲೆ ಬಗ್ಗಿ ಕೊಕ್ಕೆ ಆಡಿಸಿದ. ಏನೋ ಸಿಕ್ಕಿತು. ಎಳೆದ, ಎಳೆದ. ಮೇಲೆ ಬಂದದ್ದು ಭೈರಮ್ಮಜ್ಜಿಯ ಬಿಂದಿಗೆಯಲ್ಲ, ಪಾಚಿ ಹಿಡಿದ ಹಿತ್ತಾಳೆ ಕೊಳಗ. ಅದನ್ನು ಕಂಡದ್ದೇ ತಡ, ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೊಂಬಾಳಮ್ಮ "ಅಯ್ಯೋ ನಮ್ಮವ್ವ ಕೊಟ್ಟಿದ್ ಕೊಳಗ!" ಅಂತ ಕಿರುಚಿದಳು. ಆ ಕೊಳಗವನ್ನು ಭೈರಮ್ಮಜ್ಜಿಯೇ ಕದ್ದಳು ಅಂತ ಹೊಂಬಾಳಮ್ಮ ಅವಳ ಜತೆ ಮಾತು ಬಿಟ್ಟು ಯಾವ ಕಾಲವಾಗಿತ್ತೋ!

"ನೋಡ್ದೇನೇ? ನಾನ್ ಕದ್ದಿದ್ನಾ?" ಅಂದಳು ಮುದುಕಿ.

"ತಪ್ಪಾಯ್ತು ಕಣಜ್ಜಿ" ಅಂತ ಹೊಂಬಾಳಮ್ಮ ಸೋಪಿನ ಕೈಯಲ್ಲೇ ಮುದುಕಿಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಒಟ್ಟಿಗೆ, "ಇನ್ನೇನೇನ್ ಐತೋ ಪೂರಾ ತಡಕ್ಬುಡು ರಂಗಯ್ಯ" ಅಂದರು. ಬಿಂದಿಗೆ ಬಂತು, ಹಗ್ಗ ಬಂತು, ಯಾರದೋ ಚೊಂಬು ಬಂತು. ಹುಚ್ಚರಂಗಯ್ಯನ ಅಂಗಿ, ಪಂಚೆಯೆಲ್ಲ ಒದ್ದೆಯಾಯಿತು.

ತೊಟ್ಟಿಕ್ಕುತ್ತ ಮನೆ ಕಡೆ ಓಡುವಾಗ ಕೆಂಚಪ್ಪ ಅಡ್ಡ ಹಾಕಿದ. "ಕೊಬ್ರಿ ವ್ಯಾಪಾರದೋರು ಬಂದ್ಬುಟ್ಟವ್ರೆ ಕಣ್ಲಾ. ಅಟ್ಟದ್ ಮ್ಯಾಲಿನ್ ಕಾಯಿ ನೋಡಿ ಇಳಿಸ್ಬೇಕು. ನಿನ್ನಂಗೆ ಕಿವೀಲಿ ಹಿಡಿಯೋರು ಯಾರವ್ರೆ? ಬಾ ಬಾ."

"ಅಣ್ಣಾ, ಸಾಹೇಬ್ರು ಬತ್ತಾರೆ ಅಂತ ನೀನೇ ತಾನೆ ಹೇಳಿದ್ದು!"

"ಅದ್ಕೇ ಹೇಳ್ತಿರೋದು. ಬೀದೀಲಿದ್ರೆ ಅವ್ರ ಕಣ್ಣಿಗ್ ಬೀಳ್ತೀಯ. ಅಟ್ಟದ್ ಮ್ಯಾಲೆ ಯಾವೋನ್ ಬಂದ್ ನೋಡ್ತಾನೆ? ಬಚ್ಚಿಟ್ಕಂಡಂಗೂ ಆಯ್ತು, ನನ್ ಕೆಲ್ಸಾನೂ ಆಯ್ತು. ಹೆಂಗೂ ಸುಮ್ನೆ ಇದ್ದೀಯಲ್ಲ!"

ಮಾತು ಸರಿ ಅನ್ನಿಸಿತು. ಆ ಹೊತ್ತಿನಲ್ಲಿ ಅವನಿಗೆ ಎಲ್ಲರ ಮಾತೂ ಸರಿ ಅನ್ನಿಸುತ್ತಿತ್ತು. ಅಟ್ಟ ಹತ್ತಿದ. ವರ್ಷದಿಂದ ಹೊಗೆಯಲ್ಲಿ ಒಣಗಿದ ಕಾಯಿ ರಾಶಿ ಬಿದ್ದಿತ್ತು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಕೊಬ್ಬರಿ ಗುಡುಗುಡು ಉರುಳಿದರೆ ಕೆಳಗೆ, ನೀರು ಕುಲುಕಿದರೆ ಮತ್ತೆ ರಾಶಿಗೆ. ಒದ್ದೆ ಮೈಗೆ ಮಸಿ, ಜೇಡರ ಬಲೆ, ಧೂಳು ಎಲ್ಲ ಮೆತ್ತಿಕೊಂಡಿತು. ಕೆಲಸದ ಸದ್ದಿಗೆ ಮೈಮರೆತು ಹಾಡನ್ನೂ ಗುನುಗಿದ.

ಅಷ್ಟರಲ್ಲಿ ಕೆಳಗೆ ಹೊಂಬಾಳಮ್ಮನ ದನಿ: "ರಂಗಯ್ಯನ ಜಗುಲೀಲಿ ಯಾರೋ ಕುಂತವ್ರೆ ಕಣ್ರೀ!"

ಹುಚ್ಚರಂಗಯ್ಯ ಏಣಿಗೂ ಕಾಯದೆ ಧುಮುಕಿದ. ಹಿತ್ತಿಲು ಹಾರಿ, ಬೇಲಿಯ ಸಂದಿಯಲ್ಲಿ ನುಸುಳಿ ಮನೆ ಮುಂದೆ ಬಂದು ನೋಡಿದ. ಜಗುಲಿಯ ಮೇಲೆ ಬಡಕಲು ಮನುಷ್ಯನೊಬ್ಬ ಕೂತಿದ್ದ. ಬಗಲಲ್ಲಿ ಛತ್ರಿ, ಮಡಿಲಲ್ಲಿ ರೆಕ್ಸಿನ್ ಚೀಲ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಬೆಂದ ಬದನೆಕಾಯಿಯಂತಾಗಿದ್ದ. ಜೀಪಿಲ್ಲ, ಜವಾನನಿಲ್ಲ. ಸಾಹೇಬರು ಅಂದರೆ ಹೀಗಿರುತ್ತಾರಾ? ಯಾರೋ ಸೀರೆ ವ್ಯಾಪಾರದವನು ಅಂದುಕೊಂಡು ಹುಚ್ಚರಂಗಯ್ಯ ನಿಟ್ಟುಸಿರು ಬಿಟ್ಟು ಪಕ್ಕದಲ್ಲಿ ಕೈ ಕಟ್ಟಿ ಕೂತ. ಅಬ್ಬಾ, ಕೊನೆಗೂ ಕೂತ!

ಆ ಮನುಷ್ಯ ತಿರುಗಿ ನೋಡಿದ. "ಏನ್ರೀ, ಗಂಟಲು ಒಣಗಿಹೋಗಿದೆ. ಒಂದು ಎಳನೀರು ಸಿಗುತ್ತಾ? ಮರ ಇಲ್ಲೇ ಇದೆ, ನೀವೂ ಹೆಂಗೂ ಸುಮ್ನೆ ಕೂತಿದ್ದೀರಲ್ಲ."

ಇವನಿಗೂ ಆ ಮಾತು ಯಾರು ಹೇಳಿಕೊಟ್ಟರಪ್ಪ! ಆದರೆ ಬಾಯಾರಿ ಬಂದವನಿಗೆ ಇಲ್ಲ ಅನ್ನುವುದುಂಟೇ? ಬಣವೆಯಿಂದ ಕುಡುಗೋಲು ಹಿರಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಹಗ್ಗ ಸುತ್ತಿಕೊಂಡು ಮರ ಹತ್ತಿದ. ಮೇಲಿನಿಂದ ನೋಡಿದರೆ ಚಿಕ್ಕಗೌರಮ್ಮ ನೀರಿನ ಕೊಡ ಹೊತ್ತು ಬರುತ್ತಿದ್ದಳು. ಜಗುಲಿಯ ಮೇಲಿನವನನ್ನು ಕಂಡವಳೇ ಅವಳು ಗಂಡನ ಕಡೆ ಕೈ ಬೀಸಿದಳು, ಬಾಯಿ ಮುಚ್ಚಿ ತೋರಿಸಿದಳು, ಕೆಳಗೆ ಬೆರಳು ಮಾಡಿದಳು. ಪಾಪ, ಇವಳಿಗೂ ಬಾಯಾರಿದೆ ಅಂದುಕೊಂಡು ಹುಚ್ಚರಂಗಯ್ಯ ಇನ್ನೊಂದು ಎಳನೀರು ಕೆಡವಿದ.

ಅರ್ಧ ಮರ ಇಳಿದು ಅಲ್ಲಿಂದಲೇ ಬಗ್ಗಿ ನೋಡಿದ. ಬಂದವನು ಬಿದ್ದ ಎಳನೀರನ್ನು ಚಿಕ್ಕಗೌರಮ್ಮನಿಂದ ಕೆತ್ತಿಸಿ ಕುಡಿದು, ಬಾಯಿ ಒರೆಸಿಕೊಂಡು, ಚೀಲದ ಗುಂಡಿ ತೆಗೆಯುತ್ತಿದ್ದ. "ಸರಿ. ಇಲ್ಲಿ ಎಣ್ಣೆ ಮಿಲ್ಲಿನ ಹುಚ್ಚರಂಗಯ್ಯ ಅನ್ನೋರು ಯಾರು?"

"ನಾನೇ ಸ್ವಾಮಿ" ಅಂತು ಬಾಯಿ, ತಲೆಯನ್ನು ಕೇಳದೆ.

"ನಾನು ನಿಮ್ಮ ಭತ್ಯೆ ತಪಾಸಣೆಗೆ ಬಂದಿರೋದು. ಇಳೀರಿ."

ಹುಚ್ಚರಂಗಯ್ಯನಿಗೆ ಇಳಿಯುವ ಮನಸ್ಸೇ ಬರಲಿಲ್ಲ. ಮರವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡ. ಮೇಲೆ ಹೋದರೆ ಎಷ್ಟು ದಿನ ಇರಬಹುದು ಅಂತಲೂ ಯೋಚಿಸಿದ. ಕೊನೆಗೆ ಜಾರಿಕೊಂಡು ಬಂದು ನಿಂತಾಗ ಸಾಹೇಬರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬಟ್ಟೆಯಲ್ಲಿ ಬಾವಿಯ ನೀರು, ಮೈಮೇಲೆ ಅಟ್ಟದ ಮಸಿ, ತಲೆಯಲ್ಲಿ ಜೇಡರ ಬಲೆ, ಸೊಂಟದಲ್ಲಿ ಕುಡುಗೋಲು.

"ಇದೇನ್ರೀ ಇದು! ನಿರುದ್ಯೋಗಿ ಅಂತ ಭತ್ಯೆ ತಗೋತೀರಿ, ನೋಡಿದ್ರೆ ಮೂರು ಆಳಿನ ಕೆಲಸ ಒಬ್ಬರೇ ಮಾಡೋ ಹಾಗಿದ್ದೀರಲ್ಲ! ಎಷ್ಟು ಸಿಗುತ್ತೆ ದಿನಕ್ಕೆ?"

ಅಷ್ಟರಲ್ಲಿ ಪಾಳ್ಯವೇ ಸೇರಿತ್ತು. ಹುಚ್ಚರಂಗಯ್ಯ ಬಾಯಿ ಬಿಡುವ ಮುಂಚೆ ಭೈರಮ್ಮಜ್ಜಿ ಮುಂದೆ ಬಂದಳು. "ಸಿಗಾದಾ? ನನ್ನಾಣೆ ಸ್ವಾಮಿ, ಈವತ್ತಿನ್ಗಂಟ ನಾನು ಇವ್ನಿಗೆ ಒಂದ್ ಕಾಸು ಕೊಟ್ಟಿಲ್ಲ."

"ನಾನೂ ಕೊಟ್ಟಿಲ್ಲ" ಅಂದಳು ಹೊಂಬಾಳಮ್ಮ ಕೊಳಗ ಎತ್ತಿ ತೋರಿಸಿ.

"ಇಡೀ ಊರ್ನಾಗೆ ಯಾರೂ ಕೊಟ್ಟಿಲ್ಲ ಬುಡಿ" ಅಂತ ಕೆಂಚಪ್ಪ ಎದೆ ತಟ್ಟಿಕೊಂಡ, ದೊಡ್ಡ ದಾನ ಮಾಡಿದವನ ಹಾಗೆ.

"ಕೂಲಿ ಇಲ್ದೆ ಯಾರ್ರೀ ಇಷ್ಟು ದುಡೀತಾರೆ? ನಂಬೋ ಮಾತಾ ಇದು?"

ಆಗ ಚಿಕ್ಕಗೌರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಸ್ವಾಮಿ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಾಬೇಡಿ. ಈಗ ಮರ ಹತ್ಸುದ್ರಲ್ಲ, ನೀವೇನ್ ಕೊಟ್ರಿ?"

ಸಾಹೇಬರು ಕೈಯಲ್ಲಿದ್ದ ಎಳನೀರಿನ ಬುರುಡೆ ನೋಡಿದರು. ಅದನ್ನು ಎಲ್ಲಿ ಇಡುವುದು ಅಂತ ತಿಳಿಯದೆ ಬೆನ್ನ ಹಿಂದೆ ಹಿಡಿದರು. ಪಾಳ್ಯ ಗೊಳ್ಳೆಂದು ನಕ್ಕಿತು. ಸಾಹೇಬರೂ ಒಳ್ಳೆಯವರೇ, ತಾವೂ ನಕ್ಕುಬಿಟ್ಟರು.

"ಆಯ್ತಮ್ಮ, ಗೆದ್ದಿರಿ. ಕೂಲಿ ಇಲ್ಲದ್ದು ಉದ್ಯೋಗ ಅಲ್ಲ ಅಂತಾನೇ ನಿಯಮ ಇರೋದು. ಈ ಮನುಷ್ಯ ಅಪ್ಪಟ ನಿರುದ್ಯೋಗಿ. ಹುಚ್ಚರಂಗಯ್ಯ, ಉಗಾದಿ ಆದ ಮೇಲೆ ಮಿಲ್ಲಿಗೆ ಕರೆಯೋರಲ್ಲಿ ಮೊದಲನೇ ಹೆಸರು ನಿಮ್ದೇ."

ಹುಚ್ಚರಂಗಯ್ಯನ ಕಣ್ಣಲ್ಲಿ ನೀರು ತುಂಬಿತು. ಕಿವಿಯಲ್ಲಿ ಸೈರನ್ನು ಕೂಗಿಯೇಬಿಟ್ಟಿತು. ಆದರೆ ಸುತ್ತಲಿನ ನಗು ಯಾಕೋ ತಟ್ಟನೆ ನಿಂತಿತ್ತು.

"ಅಂದ್ರೆ, ಉಗಾದಿ ಆದ್ಮೇಲೆ ಇವ್ನು ಊರಲ್ಲಿ ಇರಾಕಿಲ್ವಾ?" ಅಂದಳು ಭೈರಮ್ಮಜ್ಜಿ.

"ಬೆಳಿಗ್ಗೆ ಹೋದ್ರೆ ಸಂಜೆಗೇ ಬರೋದು" ಅಂದರು ಸಾಹೇಬರು.

ಮುದುಕಿ ಬಾವಿಯ ಕಡೆ ನೋಡಿದಳು. ಕೆಂಚಪ್ಪ ಅಟ್ಟದ ಕಡೆ ನೋಡಿದ. ಹೊಂಬಾಳಮ್ಮ ಕೊಳಗವನ್ನು ಎದೆಗವಚಿಕೊಂಡಳು.

"ಸ್ವಾಮಿ, ವಯಸ್ಸಾಯ್ತು ನೋಡಿ, ಮರ್ತೋಗಿತ್ತು" ಅಂತ ರಾಗ ಎಳೆದಳು ಭೈರಮ್ಮಜ್ಜಿ. "ಹೋದ ವಾರ ಇವ್ನಿಗೆ ಒಂದ್ ಮೊರ ರಾಗಿ ಕೊಟ್ಟಿದ್ದೆ, ಕೂಲಿ ಅಂತ್ಲೇ."

"ಯಾವಾಗಜ್ಜಿ!" ಅಂತ ಕೂಗಿದ ಹುಚ್ಚರಂಗಯ್ಯ.

"ನಾನೂ ಬೆಲ್ಲ ಕೊಟ್ಟಿದ್ದೆ" ಅಂದಳು ಹೊಂಬಾಳಮ್ಮ, ನೆಲ ನೋಡುತ್ತ.

"ಸುಳ್ಳ್ಯಾಕ್ ಹೇಳ್ಳಿ, ನಂದು ಖಾಯಂ ಕೂಲಿ" ಅಂದ ಕೆಂಚಪ್ಪ. "ಮಿಲ್ನೋರಿಗಿಂತ ಜಾಸ್ತಿ!"

"ಹಾಗಾದ್ರೆ ಭತ್ಯೆ ನಿಲ್ಲಿಸಿ ಕೇಸು ಹಾಕ್ಬೇಕಾಗುತ್ತೆ" ಅಂದರು ಸಾಹೇಬರು.

"ಅಯ್ಯಯ್ಯೋ, ಕೇಸ್ ಬ್ಯಾಡಿ ಸ್ವಾಮಿ!" ಅಂತ ಮೂವರೂ ಒಟ್ಟಿಗೆ ಹೌಹಾರಿದರು. ಅವರಿಗೆ ಹುಚ್ಚರಂಗಯ್ಯನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಇತ್ತು, ಬೇಕಾದಷ್ಟಿತ್ತು. ಅವನು ಊರು ಬಿಟ್ಟು ಹೋಗಬಾರದು, ಅಷ್ಟೇ. ರಾಗಿ ಕಡ ಅಂದಳು ಮುದುಕಿ. ಬೆಲ್ಲ ಹಬ್ಬದ್ದು ಅಂದಳು ಹೊಂಬಾಳಮ್ಮ. ಕೂಲಿ ಕೊಡಬೇಕು ಅಂತ ಮನಸ್ಸಿನಲ್ಲಿತ್ತು, ಕೊಟ್ಟಿಲ್ಲ ಅಂದ ಕೆಂಚಪ್ಪ. ಎಲ್ಲರೂ ಒಟ್ಟಿಗೆ ಮಾತಾಡಿದರು. ಚಿಕ್ಕಗೌರಮ್ಮ ಒಬ್ಬೊಬ್ಬರ ಮೇಲೂ ಹರಿಹಾಯ್ದಳು. ಸಾಹೇಬರು ಎರಡು ಕಿವಿಯನ್ನೂ ಮುಚ್ಚಿಕೊಂಡರು.

"ಸಾಕು! ಯಾವುದು ನಿಜ ಅಂತ ಆ ದೇವರಿಗೇ ಗೊತ್ತು. ಭತ್ಯೆ ಹೀಗೇ ನಡೀಲಿ. ಮಿಲ್ಲಿನ ಮಾತು ಮುಂದಿನ ತಪಾಸಣೆ ಆದ ಮೇಲೆ ನೋಡೋಣ."

"ಮುಂದಿನ ತಪಾಸಣೆ ಯಾವಾಗ ಸ್ವಾಮಿ?" ಹುಚ್ಚರಂಗಯ್ಯನ ದನಿ ಬಾವಿಯ ತಳದಿಂದ ಬಂದಂತಿತ್ತು.

"ಬರ್ತೀನಿ, ಬರ್ತೀನಿ. ಮುಂದಿನ ವರ್ಷ." ಸಾಹೇಬರು ಛತ್ರಿ ಎತ್ತಿಕೊಂಡರು. ಎರಡು ಹೆಜ್ಜೆ ಹೋದವರು ಹೊಂಬಾಳಮ್ಮನ ಕೈಯಲ್ಲಿದ್ದ ಪಾಚಿ ಹಿಡಿದ ಕೊಳಗ, ಹುಚ್ಚರಂಗಯ್ಯನ ಒದ್ದೆ ಬಟ್ಟೆ ನೋಡಿ ನಿಂತರು. "ಅಲ್ರೀ ಹುಚ್ಚರಂಗಯ್ಯ, ಇದನ್ನ ಬಾವಿಯಿಂದ ಎತ್ತಿದ್ದು ನೀವೇನಾ? ದಬ್ಬೇಘಟ್ಟದಲ್ಲಿ ನಮ್ಮ ಮಾವನ ಮನೆ ಬಾವಿಗೆ ಎರಡು ಬಿಂದಿಗೆ ಬಿದ್ದು ಕೂತಿವೆ. ಪಾತಾಳಗರಡಿ ಹಾಕೋರೇ ಸಿಗ್ತಿಲ್ಲ. ನಾಳೆ ಒಂದು ಹೆಜ್ಜೆ ಬಂದುಬಿಡಿ."

ಹುಚ್ಚರಂಗಯ್ಯ ಆವತ್ತು ಜೀವಮಾನದಲ್ಲೇ ಮೊದಲ ಸಲ ಧೈರ್ಯ ಮಾಡಿದ. "ಸ್ವಾಮಿ... ಏನಾದ್ರೂ ಕೂಲಿ..."

"ಛೆ ಛೆ ಛೆ!" ಸಾಹೇಬರಿಗೆ ನಿಜವಾಗಿ ನೋವಾಯಿತು. "ಕೂಲಿ ಕೊಟ್ರೆ ನಿಮ್ಮ ಭತ್ಯೆ ಹೋಗುತ್ತಲ್ರೀ! ಬಡವನ ಹೊಟ್ಟೆ ಮೇಲೆ ನಾನು ಹೊಡೀಲಾ?"

ಪಾಳ್ಯದವರೆಲ್ಲ ಹೌದು ಹೌದೆಂದು ತಲೆ ಆಡಿಸಿದರು. "ನ್ಯಾಯವಾದ ಮಾತು" ಅಂದ ಕೆಂಚಪ್ಪ. "ಇನ್ಮ್ಯಾಲೆ ನಾವೂ ಹುಷಾರಾಗಿರ್ಬೇಕು ಕಣ್ರಪ್ಪ. ಇವ್ನಿಗೆ ಒಂದ್ ಲೋಟ ಕಾಪೀನೂ ಕೊಡ್ಕೂಡ್ದು."

ಅದೇ ಹೊತ್ತಿಗೆ, ಬಿಂದಿಗೆ ಸಿಕ್ಕಿದ ಕೂಡಲೇ ಮಾಡಿಟ್ಟಿದ್ದನ್ನು ತರಲು ಮನೆಗೆ ಹೋಗಿದ್ದ ಭೈರಮ್ಮಜ್ಜಿ, ಕೊಟ್ಟ ಮಾತಿನಂತೆ, ಸಂಜೆಗೂ ಕಾಯದೆ ತಟ್ಟೆ ತುಂಬ ಒತ್ತು ಶಾವಿಗೆ ಹಿಡಿದು ಬಂದಳು. ಮೇಲೆ ಬೆಲ್ಲದ ಕಾಯಿಹಾಲು, ಏಲಕ್ಕಿಯ ಘಮ. ಬೆಳಗಿನಿಂದ ಉಪವಾಸವಿದ್ದ ಹುಚ್ಚರಂಗಯ್ಯ ಎರಡೂ ಕೈ ಚಾಚಿದ. ತಟ್ಟೆ ಅವನ ಬೆರಳಿಗೆ ತಾಗಿತು ಕೂಡ. ಅಷ್ಟರಲ್ಲಿ ಹೊಂಬಾಳಮ್ಮ ಮುದುಕಿಯ ಕಿವಿಯಲ್ಲಿ ಏನೋ ಹೇಳಿದಳು. ಮುದುಕಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ನಿನ್ ಒಳ್ಳೇದುಕ್ಕೇ ಕಣಪ್ಪಾ" ಅಂದಳು, ಕರುಳು ಕಿತ್ತು ಬರುವ ದನಿಯಲ್ಲಿ.

"ತಂದದ್ದನ್ನ ವಾಪಸ್ ಒಯ್ಯಬಾರದಮ್ಮ, ಇಲ್ಲಿ ಕೊಡಿ" ಅಂತ ಸಾಹೇಬರು ತಟ್ಟೆ ಇಸಿದುಕೊಂಡು ಮತ್ತೆ ಜಗುಲಿಯ ಮೇಲೆ ಕೂತರು. ಇಡೀ ಪಾಳ್ಯ ನಿಂತು ನೋಡಿತು. ನಾಲ್ಕು ತುತ್ತು ಒಳಗೆ ಹೋದ ಮೇಲೆ ಅವರು ತಲೆ ಎತ್ತಿ, ಬಾಯಿ ತುಂಬ ಶಾವಿಗೆ ಇಟ್ಟುಕೊಂಡೇ ಹುಚ್ಚರಂಗಯ್ಯನ ಕಡೆ ತಿರುಗಿದರು.

"ಒಂದು ಚೊಂಬು ನೀರು ತಂದುಕೊಡ್ರೀ. ಹೆಂಗೂ ಸುಮ್ನೆ ನಿಂತಿದ್ದೀರಲ್ಲ."